ನಲವತ್ತೇಳು ಹಲ್ಲುಗಳ ಲೆಕ್ಕ

ಜಗಳೂರಿನಲ್ಲಿ ನನ್ನ ಬಳಿ ಗಣಿತ ಕಲಿತ ಶಿಷ್ಯನೊಬ್ಬ ನಾಲ್ಕು ಅಕ್ಷಗಳ ಸಿಎನ್‌ಸಿ ಮಿಲ್ಲಿಂಗ್ ಯಂತ್ರದಲ್ಲಿ ಗೇರು ಕೊರೆಯುತ್ತಾನೆ. 47 ಹಲ್ಲುಗಳ ಗೇರಿನಲ್ಲಿ ಕೊನೆಯದು ಮಾತ್ರ ತುಸು ತೆಳುವಾಗುತ್ತಿದೆ ಎಂದು ಯುಗಾದಿಗೆ ಬಂದಾಗ ಅಲವತ್ತುಕೊಂಡ. ಪ್ರತಿ ಹಲ್ಲಿಗೂ 7.66 ಡಿಗ್ರಿ ತಿರುಗಿಸುತ್ತಿದ್ದನಂತೆ. ಗುಣಿಸಿದರೆ 360.02!

1952ರಲ್ಲಿ ಅಮೆರಿಕದ ಎಂಐಟಿ ಅಂಕಿಗಳಿಂದ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಪ್ರದರ್ಶಿಸಿತು. ಮರುವರ್ಷ ಬೆಂಗಳೂರಿನಲ್ಲಿ ಎಚ್‌ಎಂಟಿ ಹುಟ್ಟಿತು. ಅದಕ್ಕೂ ಹಳೆಯದು ಕೈಯಿಂದ ತಿರುಗಿಸುವ ಡಿವೈಡಿಂಗ್ ಹೆಡ್. ಅದರ ಹಿಡಿಕೆ 40 ಸುತ್ತು ತಿರುಗಿದರೆ ಗೇರು ಒಂದು ಸುತ್ತು. 47 ರಂಧ್ರಗಳ ವರ್ತುಲದಲ್ಲಿ ಹಲ್ಲಿಗೆ 40 ರಂಧ್ರ ಸರಿಸಿದರಾಯಿತು. ಭಿನ್ನರಾಶಿ ಪೂರ್ಣವಾಗಿಯೇ ಉಳಿಯುತ್ತಿತ್ತು.

“ಹಿಂದಿನ ಹಲ್ಲಿನಿಂದಲ್ಲ, ಪ್ರತಿ ಕೋನವನ್ನೂ ಸೊನ್ನೆಯಿಂದಲೇ ಲೆಕ್ಕಹಾಕು, ತಪ್ಪು ಕೂಡುತ್ತಾ ಹೋಗುವುದಿಲ್ಲ” ಎಂದೆ. ಗೇರು ಸರಿಹೋಯಿತು. ಆದರೆ, ಓದುಗರೇ, ಉತ್ತರವನ್ನು ಎರಡು ದಶಮಾಂಶ ಸ್ಥಾನಕ್ಕೆ ನಿಲ್ಲಿಸಲು ಅವನಿಗೆ ಕಲಿಸಿದವನು ನಾನೇ ಅಲ್ಲವೇ?