ವಿದ್ಯುತ್ ಬಿಲ್ಲಿನ ಉಳಿತಾಯವೇ ಬಂಡವಾಳ: ಸರ್ಕಾರಿ ಕಟ್ಟಡಗಳಿಗೆ ‘ಎಸ್ಕೊ’ ಮಾದರಿ

ಬಳ್ಳಾರಿ ನಗರ, ಸಿರುಗುಪ್ಪ ಹಾಗೂ ಕುರುಗೋಡಿನ ಸರ್ಕಾರಿ ಕಚೇರಿ, ಆಸ್ಪತ್ರೆ, ವಿದ್ಯಾರ್ಥಿ ನಿಲಯಗಳಲ್ಲಿ ಬೇಸಿಗೆ ಬಂತೆಂದರೆ ಫ್ಯಾನುಗಳಿಗೆ ಬಿಡುವಿಲ್ಲ. ಸಮೀಪದ ಕುಡತಿನಿಯಲ್ಲಿ 1,700 ಮೆಗಾವಾಟ್ ಸಾಮರ್ಥ್ಯದ ಬಳ್ಳಾರಿ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿದ್ದರೂ ಬಳಸಿದ ಪ್ರತಿ ಯೂನಿಟ್‌ಗೆ ಜೆಸ್ಕಾಂಗೆ ಹಣ ತೆರಲೇಬೇಕು. ಹಳೆಯ ದೀಪ, ಫ್ಯಾನ್, ಪಂಪುಗಳು ಅಗತ್ಯಕ್ಕಿಂತ ಹೆಚ್ಚು ವಿದ್ಯುತ್ ನುಂಗುತ್ತವೆ. ಅವನ್ನು ಬದಲಿಸೋಣವೆಂದರೆ ಆ ವರ್ಷದ ಅನುದಾನದಲ್ಲಿ ಹಣವಿರುವುದಿಲ್ಲ. ಈ ತೊಡಕಿಗೆ ಇರುವ ಒಂದು ಪರಿಹಾರವೆಂದರೆ, ಮುಂದೆ ಆಗಲಿರುವ ಉಳಿತಾಯದಿಂದಲೇ ಇಂದಿನ ವೆಚ್ಚವನ್ನು ತೀರಿಸುವುದು.

ಎಸ್ಕಾಂ ಬೇರೆ, ಎಸ್ಕೊ ಬೇರೆ

ಈ ವ್ಯವಸ್ಥೆಯಲ್ಲಿ ಬಂಡವಾಳ ಹೂಡುವ ಸಂಸ್ಥೆಗೆ ಇಂಧನ ಸೇವಾ ಸಂಸ್ಥೆ, ಚಿಕ್ಕದಾಗಿ ‘ಎಸ್ಕೊ’ ಎಂದು ಹೆಸರು. ವಿದ್ಯುತ್ ಸರಬರಾಜು ಮಾಡುವ ಎಸ್ಕಾಂಗಳಿಗೂ ಇದಕ್ಕೂ ಹೆಸರಿನ ಹೋಲಿಕೆಯಷ್ಟೇ. ಎಸ್ಕೊ ಮೊದಲು ಕಟ್ಟಡದ ವಿದ್ಯುತ್ ಬಳಕೆಯ ಲೆಕ್ಕ ತೆಗೆಯುತ್ತದೆ. ಬಳಿಕ ಉಪಕರಣಗಳನ್ನು ತನ್ನ ಖರ್ಚಿನಲ್ಲಿ ಬದಲಿಸಿ, ಉಳಿದ ಹಣದಲ್ಲಿ ಒಪ್ಪಂದದ ಅವಧಿಯವರೆಗೆ ಪಾಲು ಪಡೆಯುತ್ತದೆ. ಅವಧಿ ಮುಗಿದ ನಂತರ ಉಪಕರಣಗಳೂ ಪೂರ್ಣ ಉಳಿತಾಯವೂ ಇಲಾಖೆಯದಾಗುತ್ತವೆ.

ಈ ವಿಚಾರ ಹೊಸದಲ್ಲ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಬೋಲ್ಟನ್ ಮತ್ತು ವಾಟ್ ಸಂಸ್ಥೆಯು ಗಣಿಗಳಿಗೆ ಉಗಿಯಂತ್ರ ಒದಗಿಸಿ, ಹಳೆಯ ಯಂತ್ರಕ್ಕೆ ಹೋಲಿಸಿದರೆ ಉಳಿದ ಕಲ್ಲಿದ್ದಲಿನ ಬೆಲೆಯಲ್ಲಿ ಮೂರನೇ ಒಂದು ಪಾಲು ವಸೂಲು ಮಾಡುತ್ತಿತ್ತು. 1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಅಮೆರಿಕದಲ್ಲಿ ಈ ಪದ್ಧತಿ ಕಟ್ಟಡಗಳಿಗೆ ವಿಸ್ತರಿಸಿತು.

ಲೆಕ್ಕ ಹೀಗೆ

ಉದಾಹರಣೆಗೆ, ವರ್ಷಕ್ಕೆ 12 ಲಕ್ಷ ರೂಪಾಯಿ ಬಿಲ್ ಬರುವ ಒಂದು ಕಟ್ಟಡವನ್ನು ಊಹಿಸಿಕೊಳ್ಳಬಹುದು. ಉಪಕರಣ ಬದಲಾವಣೆಗೆ 10 ಲಕ್ಷ ರೂಪಾಯಿ ತಗುಲಿ, ಬಿಲ್ ಶೇ 25ರಷ್ಟು ಇಳಿದರೆ ವಾರ್ಷಿಕ ಉಳಿತಾಯ 3 ಲಕ್ಷ. ಅದರಲ್ಲಿ ಶೇ 80 ಎಸ್ಕೊ ಪಾಲಾದರೆ ಏಳು ವರ್ಷಗಳಲ್ಲಿ ಅದಕ್ಕೆ ಸಲ್ಲುವುದು 16.8 ಲಕ್ಷ. ಬಂಡವಾಳ ಕಳೆದು ಉಳಿಯುವ 6.8 ಲಕ್ಷದಲ್ಲಿ ಬಡ್ಡಿ, ನಿರ್ವಹಣೆ ಹಾಗೂ ಲಾಭ ಅಡಗಿರುತ್ತವೆ. ಇಲಾಖೆಗೆ ಅಷ್ಟರಲ್ಲಿ 4.2 ಲಕ್ಷ ದಕ್ಕುತ್ತದೆ; ಎಂಟನೆಯ ವರ್ಷದಿಂದ ಮೂರೂ ಲಕ್ಷ ಅದರದೇ. ಆದರೆ ಉಳಿತಾಯ ಶೇ 15ಕ್ಕೆ ನಿಂತರೆ ಎಸ್ಕೊಗೆ ಏಳು ವರ್ಷಗಳಲ್ಲಿ ಬರುವುದು ಸುಮಾರು 10 ಲಕ್ಷ ಮಾತ್ರ, ಅಂದರೆ ಅಸಲಷ್ಟೇ. ಈ ನಷ್ಟದ ಭಯವೇ ಸಂಸ್ಥೆಯು ಕೆಲಸವನ್ನು ನೇರ್ಪಾಗಿ ಮಾಡುವಂತೆ ನೋಡಿಕೊಳ್ಳುತ್ತದೆ.

ಯಾವ ಉಪಕರಣ ಎಂಬುದೂ ಮುಖ್ಯ. ಹಳೆಯ ಟ್ಯೂಬ್‌ಲೈಟ್ ತನ್ನ ಚೋಕ್ ಸೇರಿ ಸುಮಾರು 55 ವಾಟ್ ಬಳಸಿದರೆ ಎಲ್‌ಇಡಿ ಪಟ್ಟಿಗೆ 20 ವಾಟ್ ಸಾಕು. ದಿನಕ್ಕೆ 8 ಗಂಟೆಯಂತೆ 280 ದಿನ ಉರಿದರೆ ಒಂದು ದೀಪದಿಂದ ವರ್ಷಕ್ಕೆ ಸುಮಾರು 78 ಯೂನಿಟ್ ಉಳಿಯುತ್ತದೆ. ದೀಪದ ಬೆಲೆ ಬೇಗನೆ ಹುಟ್ಟುತ್ತದೆ. 75 ವಾಟ್‌ನ ಹಳೆಯ ಫ್ಯಾನ್ ಬದಲು 35 ವಾಟ್‌ನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ ಉಳಿತಾಯ ಸುಮಾರು 90 ಯೂನಿಟ್ ಆದರೂ ಬೆಲೆ ಹೆಚ್ಚಿರುವುದರಿಂದ ಹಣ ಮರಳಲು ಹಲವು ವರ್ಷ ಬೇಕು. ಎಸ್ಕೊ ದೀಪಗಳನ್ನಷ್ಟೇ ಬದಲಿಸಿ ಹೊರನಡೆಯದಂತೆ ಎರಡನ್ನೂ ಒಂದೇ ಒಪ್ಪಂದದಲ್ಲಿ ಸೇರಿಸಬೇಕಾದ ಕಾರಣ ಇದೇ.

ದೇಶದ ಅನುಭವ

ಇಂಧನ ಸಂರಕ್ಷಣಾ ಕಾಯ್ದೆ 2001ರಲ್ಲಿ ರೂಪುಗೊಂಡಿತು. ಅದರಡಿ ಇಂಧನ ದಕ್ಷತಾ ಬ್ಯೂರೋ 2002ರ ಮಾರ್ಚ್ 1ರಂದು ಅಸ್ತಿತ್ವಕ್ಕೆ ಬಂತು. ರಾಷ್ಟ್ರಪತಿ ಭವನ ಸೇರಿದಂತೆ ದೆಹಲಿಯ ಪ್ರಮುಖ ಸರ್ಕಾರಿ ಕಟ್ಟಡಗಳ ಇಂಧನ ಲೆಕ್ಕಪರಿಶೋಧನೆ ಅದರ ಆರಂಭದ ಕೆಲಸಗಳಲ್ಲಿ ಒಂದು. ಕರ್ನಾಟಕದಲ್ಲಿ ಈ ಕಾಯ್ದೆಯ ಹೊಣೆ ಕ್ರೆಡಲ್‌ನದು. 2009ರಲ್ಲಿ ಕೇಂದ್ರದ ನಾಲ್ಕು ವಿದ್ಯುತ್ ಉದ್ದಿಮೆಗಳು ಸೇರಿ ಸ್ಥಾಪಿಸಿದ ಇಇಎಸ್‌ಎಲ್, ಹತ್ತು ಸಾವಿರಕ್ಕೂ ಹೆಚ್ಚು ಕಟ್ಟಡಗಳಲ್ಲಿ ಈ ಬಗೆಯ ಕಾಮಗಾರಿ ನಡೆಸಿದೆ. 2015ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಬೀದಿದೀಪ ಯೋಜನೆಯಲ್ಲೂ ಹೂಡಿಕೆ ಅದರದು, ಮರುಪಾವತಿ ಸ್ಥಳೀಯ ಸಂಸ್ಥೆಗಳದು. ಆದರೆ ಹಲವು ರಾಜ್ಯಗಳಲ್ಲಿ ಆ ಪಾವತಿ ಬಾಕಿ ಉಳಿದು ಇಇಎಸ್‌ಎಲ್‌ಗೆ ಹೊರೆಯಾಯಿತು. ದೀಪ ಉಳಿತಾಯ ಮಾಡಿದರೂ ಉಳಿದ ಹಣ ಸಾಲಗಾರನನ್ನು ತಲುಪದಿದ್ದರೆ ಮಾದರಿ ಕುಸಿಯುತ್ತದೆ ಎಂಬುದೇ ಇದರ ಪಾಠ.

ರಾಜ್ಯಕ್ಕೂ ಕಂತಿನ ಅನುಭವವಿದೆ. 2004-05ರ ಹೊತ್ತಿಗೆ ಬೆಸ್ಕಾಂ, ಸಿಎಫ್‌ಎಲ್ ದೀಪಗಳ ಬೆಲೆಯನ್ನು ಮಾಸಿಕ ವಿದ್ಯುತ್ ಬಿಲ್ಲಿನಲ್ಲೇ ಕಂತಾಗಿ ತೀರಿಸುವ ಅವಕಾಶವನ್ನು ಗ್ರಾಹಕರಿಗೆ ನೀಡಿತ್ತು.

ಬಳ್ಳಾರಿಯ ಮಟ್ಟಿಗೆ

ನಗರದಲ್ಲಿ ಜಿಲ್ಲಾಮಟ್ಟದ ಕಚೇರಿಗಳ ಜೊತೆಗೆ, ಜನರು ವಿಮ್ಸ್ ಎಂದೇ ಕರೆಯುತ್ತ ಬಂದ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ. ಹಗಲಿರುಳು ಬಳಕೆಯಿರುವ ಇಂತಹ ಆಸ್ಪತ್ರೆಗಳಲ್ಲಿ ಹೂಡಿಕೆ ಬೇಗ ಹಿಂದಿರುಗುತ್ತದೆ. ತುಂಗಭದ್ರೆಯ ದಂಡೆಯ ಭತ್ತದ ನಾಡು ಸಿರುಗುಪ್ಪದಂತಹ ಊರಿನಲ್ಲಿ ಕಚೇರಿಗಳ ಬಿಲ್ ಚಿಕ್ಕದು. ನೀರು ಸರಬರಾಜಿನ ಪಂಪು, ಬೀದಿದೀಪಗಳ ಬಿಲ್ ದೊಡ್ಡದು. 2017ರ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಒಂದಾದ ಕುರುಗೋಡಿನ ಕಚೇರಿಗಳಿಗೆ ಹೋಲಿಸಿ ನೋಡಲು ದೀರ್ಘಕಾಲದ ಬಿಲ್ ದಾಖಲೆಯೂ ಇರುವುದಿಲ್ಲ. ಬಿಡಿಬಿಡಿಯಾಗಿ ಕರೆದರೆ ಇಲ್ಲಿಗೆ ಯಾವ ಎಸ್ಕೊ ಬರುವುದೂ ಕಷ್ಟ. ಮೂರೂ ಊರುಗಳ ಕಟ್ಟಡಗಳನ್ನು ಜಿಲ್ಲಾಮಟ್ಟದಲ್ಲಿ ಒಂದೇ ಟೆಂಡರಿಗೆ ಕಟ್ಟಿದರೆ ಲೆಕ್ಕ ಕೂಡಿಬರುತ್ತದೆ.

ಅನುದಾನದ ದಾರಿಯೂ ಇದೆ. ಗಣಿ ಬಾಧಿತ ಪ್ರದೇಶಗಳ ಜಿಲ್ಲಾ ಖನಿಜ ಪ್ರತಿಷ್ಠಾನ ನಿಧಿಯ ಬಳಕೆಗೆ ಗುರುತಿಸಿದ ಕ್ಷೇತ್ರಗಳಲ್ಲಿ ಇಂಧನವೂ ಸೇರಿದೆ. ಆದರೆ ಅನುದಾನ ಒಮ್ಮೆ ಖರ್ಚಾದರೆ ಮುಗಿಯಿತು. ಉಪಕರಣ ಕೆಟ್ಟರೆ ಕೇಳುವವರಿಲ್ಲ. ಎಸ್ಕೊಗಾದರೋ ಉಪಕರಣ ನಡೆದರಷ್ಟೇ ಆದಾಯ.

ತೊಡಕುಗಳು

ಮೊದಲನೆಯದು, ಹಿಂದಿನ ಬಳಕೆಯ ನಿಗದಿ. ವಿದ್ಯುತ್ ಕಡಿತವಿದ್ದ ತಿಂಗಳುಗಳ ಬಿಲ್ ಸಹಜವಾಗಿಯೇ ಕಡಿಮೆ; ನಡುವೆ ಹೊಸ ಎ.ಸಿ. ಸೇರಿದರೆ ಬಿಲ್ ಏರುತ್ತದೆ. ಇವೆಲ್ಲವನ್ನೂ ಒಪ್ಪಂದದಲ್ಲೇ ಬರೆದಿಡಬೇಕು. ದರ ಪರಿಷ್ಕರಣೆ ಆಗುತ್ತಲೇ ಇರುವುದರಿಂದ ಉಳಿತಾಯವನ್ನು ಯೂನಿಟ್‌ಗಳಲ್ಲಿ ಅಳೆಯುವುದು ಕ್ಷೇಮ. ಎರಡನೆಯದು, ಲೆಕ್ಕಶೀರ್ಷಿಕೆ. ಬಿಲ್ ಕಟ್ಟುವ ಇಲಾಖೆ ಒಂದು, ಕಟ್ಟಡ ನೋಡಿಕೊಳ್ಳುವ ಇಲಾಖೆ ಇನ್ನೊಂದು ಆಗಿರುವುದುಂಟು. ಬಿಲ್ ಇಳಿಯಿತೆಂದು ಮರುವರ್ಷ ಅನುದಾನವನ್ನೇ ಕಡಿತಗೊಳಿಸಿದರೆ ಎಸ್ಕೊಗೆ ಕೊಡಲು ಹಣವೇ ಇರುವುದಿಲ್ಲ. ಆದ್ದರಿಂದ ಒಪ್ಪಂದದ ಅವಧಿಯವರೆಗೆ ವಿದ್ಯುತ್ ಅನುದಾನವನ್ನು ಹಿಂದಿನ ಮಟ್ಟದಲ್ಲೇ ಉಳಿಸಿ, ಎಸ್ಕೊ ಪಾಲನ್ನು ಪ್ರತ್ಯೇಕ ಖಾತೆಯ ಮೂಲಕ ಪಾವತಿಸುವುದು ಅಗತ್ಯ. ಮೂರನೆಯದು, ಬ್ಯಾಂಕುಗಳ ಹಿಂಜರಿಕೆ. ಇದನ್ನು ನೀಗಿಸಲೆಂದೇ ಇಂಧನ ದಕ್ಷತಾ ಬ್ಯೂರೋ ಸಾಲದ ಒಂದು ಭಾಗಕ್ಕೆ ಖಾತರಿ ನೀಡುವ ನಿಧಿಯನ್ನು ರೂಪಿಸಿದೆ.

ಇವು ಮೂರೂ ಸರಿಹೋಗದೆ ಒಪ್ಪಂದಕ್ಕೆ ಸಹಿ ಬಿದ್ದರೆ ಉಳಿತಾಯದ ಹೆಸರಿನಲ್ಲಿ ಇನ್ನೊಂದು ಬಾಕಿ ಹುಟ್ಟುತ್ತದೆ. ಸರಿಹೋದರೆ ತೆರಿಗೆದಾರನ ಮೇಲೆ ಹೊಸ ಹೊರೆಯಿಲ್ಲದೆ ಆಸ್ಪತ್ರೆಯ ವಾರ್ಡಿಗೂ ವಿದ್ಯಾರ್ಥಿ ನಿಲಯಕ್ಕೂ ಒಳ್ಳೆಯ ಬೆಳಕು, ಗಾಳಿ ದೊರೆಯುತ್ತದೆ.