ಸಳನ ಏಟು, ಗರುಡರ ಕಂಬ

ಅರಸೀಕೆರೆಯಲ್ಲಿ ರೈಲಿಳಿದು ಬೇಲೂರಿಗೆ ಹೊರಟ ನಮ್ಮ ಚಿತ್ರೀಕರಣ ತಂಡ ಮೊದಲು ಕ್ಯಾಮೆರಾ ಇಟ್ಟದ್ದು ಚೆನ್ನಕೇಶವ ಗುಡಿಯಲ್ಲಿ, ಮೃಗದೊಡನೆ ಸೆಣಸುವ ಸಳನ ಮುಂದೆ. ಕಥೆ ನಿಮಗೆ ಗೊತ್ತೇ ಇದೆ: ಹುಲಿ ಎರಗಿತು, ಗುರು ಸುದತ್ತರು ‘ಹೊಯ್ ಸಳ’ ಎಂದರು, ಪಕ್ಕದಲ್ಲಿದ್ದ ಶಿಷ್ಯ ಹೊಡೆದ. ಇದು ಐತಿಹ್ಯವೇ ಹೊರತು ಇತಿಹಾಸವಲ್ಲ. ಆದರೂ ಬೆಂಗಳೂರು ಪೊಲೀಸರ ಗಸ್ತು ವಾಹನಕ್ಕೆ ‘ಹೊಯ್ಸಳ’ ಎಂದು ಹೆಸರಿಟ್ಟವರನ್ನು ನಾನು ಮೆಚ್ಚುತ್ತೇನೆ. ಹತ್ತಿರವಿದ್ದವನೇ ಮೊದಲು ಮುನ್ನುಗ್ಗಬೇಕೆಂಬ ಮಾತು ಆ ಹೆಸರಿನಲ್ಲೇ ಇದೆ.

2005ರ ಡಿಸೆಂಬರ್ 28ರ ಸಂಜೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಮ್ಮೇಳನಕ್ಕೆ ಬಂದವರು ಟಾಟಾ ಸಭಾಂಗಣದಿಂದ ಹೊರಬರುತ್ತಿದ್ದಾಗ ಬಂದೂಕುಧಾರಿಯೊಬ್ಬ ಗುಂಡಿನ ಮಳೆಗರೆದು ಪರಾರಿಯಾದ. ದೆಹಲಿ ಐಐಟಿಯ ಗಣಿತ ಪ್ರಾಧ್ಯಾಪಕ ಎಂ.ಸಿ. ಪುರಿ ಬಲಿಯಾದರು, ನಾಲ್ವರು ಗಾಯಗೊಂಡರು. ಆಗ ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ ಇರಲಿಲ್ಲ. ಅದು ಬಂದದ್ದು 2008ರ ನವೆಂಬರ್‌ನಲ್ಲಿ.

ಇಲ್ಲಿ ಸ್ವಲ್ಪ ಶರೀರಶಾಸ್ತ್ರ (ವಿಜ್ಞಾನ ಓದಿದವನ ಚಟ, ಕ್ಷಮಿಸಿ). ವಯಸ್ಕರ ದೇಹದಲ್ಲಿರುವುದು ಸುಮಾರು 5 ಲೀಟರ್ ರಕ್ತ. ತೊಡೆಯ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. 1999ರ ಏಪ್ರಿಲ್ 20ರಂದು ಅಮೆರಿಕದ ಕೊಲಂಬೈನ್ ಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಗುಂಡು ಹಾರಿಸಿದಾಗ, ಪೊಲೀಸರು ಅಂದಿನ ಪದ್ಧತಿಯಂತೆ ಹೊರಗೆ ಸುತ್ತುವರಿದು ವಿಶೇಷ ಪಡೆಗಾಗಿ ಕಾದರು. ಒಳಗೆ ಡೇವ್ ಸ್ಯಾಂಡರ್ಸ್ ಎಂಬ ಅಧ್ಯಾಪಕರು ಗಂಟೆಗಟ್ಟಲೆ ರಕ್ತ ಸೋರಿ ತೀರಿಕೊಂಡರು. ವಿದ್ಯಾರ್ಥಿಗಳು ತಮ್ಮ ಅಂಗಿಗಳನ್ನೇ ಗಾಯಕ್ಕೆ ಒತ್ತಿ ಹಿಡಿದಿದ್ದರು. ಆ ಬಳಿಕ ಅಲ್ಲಿ ಪೊಲೀಸ್ ತರಬೇತಿಯೇ ಬದಲಾಯಿತು. ಮೊದಲು ತಲುಪಿದವರು ಕಾಯದೆ ಒಳನುಗ್ಗಬೇಕು. ಅವರ ಕಾವಲಿನಲ್ಲಿ ವೈದ್ಯಕೀಯ ಸಿಬ್ಬಂದಿಯೂ ಬೇಗ ಒಳಹೊಕ್ಕು ರಕ್ತ ನಿಲ್ಲಿಸಬೇಕು.

ನಮ್ಮ ಪಾಠ ಬಂದದ್ದು 2008ರ ನವೆಂಬರ್ 26ರಂದು, ಮುಂಬಯಿಯಲ್ಲಿ. ರಾಷ್ಟ್ರೀಯ ಭದ್ರತಾ ದಳದ ಕಮಾಂಡೋಗಳು ದೆಹಲಿ ಬಳಿಯ ಮಾನೇಸರದಿಂದ ಬರಬೇಕಾಯಿತು, ಅಷ್ಟರಲ್ಲಿ ಬೆಳಗಾಗಿತ್ತು. ತಾಜ್ ಹೋಟೆಲಿನಲ್ಲಿ ಮಡಿದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ನಮ್ಮ ಬೆಂಗಳೂರಿನವರು. ಆಮೇಲೆ ಕರ್ನಾಟಕವೂ ತನ್ನದೇ ಕಮಾಂಡೋ ಪಡೆ ಕಟ್ಟಿ ‘ಗರುಡ’ ಎಂದು ಕರೆಯಿತು.

ಈ ಹೆಸರಿಗೂ ಹೊಯ್ಸಳರ ನಾಡಿನಲ್ಲಿ ಬೇರಿದೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ಗರುಡಗಂಬವಿದೆ. ಇಮ್ಮಡಿ ವೀರಬಲ್ಲಾಳ 1220ರಲ್ಲಿ ತೀರಿಕೊಂಡಾಗ ಅವನ ಅಂಗರಕ್ಷಕ ಕುವರ ಲಕ್ಷ್ಮ ಸಂಗಡಿಗರೊಡನೆ ಪ್ರಾಣ ಕೊಟ್ಟದ್ದನ್ನು ಅದರ ಶಾಸನ ಹೇಳುತ್ತದೆ. ಆ ಗರುಡರ ಕಾವಲು ಅರಸನೊಬ್ಬನಿಗೆ ಮೀಸಲಾಗಿತ್ತು. ಇಂದು ನಗರದಲ್ಲಿ ಯಾರೇ 112ಕ್ಕೆ ಕರೆ ಮಾಡಲಿ, ಮೊದಲು ಬರುವುದು ಹೊಯ್ಸಳ. ಗರುಡರು ಬರುವುದು ಅದರ ಹಿಂದೆ.