ಸತ್ತವರ ಹೆಸರಲ್ಲಿ ಕಪ್, ಆಡೋರು ಹದಿಹರೆಯದವರು

ನಮ್ಮ ಜಗಳೂರು ತಾಲ್ಲೂಕಿನ ಬಿಳಿಚೋಡು ಕಡೆ ಐಸ್ ಅಂದ್ರೆ ಬೇಸಿಗೆಯಲ್ಲಿ ಸೈಕಲ್ ಹಿಂದೆ ಡಬ್ಬಿ ಕಟ್ಟಿಕೊಂಡು ಬರೋ ಐಸ್ ಕ್ಯಾಂಡಿ. ಅದರ ಮೇಲೆ ನಿಂತು ಹಾಕಿ ಆಡ್ತಾರೆ ಅಂದ್ರೆ ಅಜ್ಜಿ ನಗ್ತಾಳೆ. ಆದ್ರೂ ಇವತ್ತಿನ ಕಥೆ ಐಸ್ ಹಾಕಿಯದ್ದೇ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಕೆನಡಾದಲ್ಲಿ 16ರಿಂದ 20 ವರ್ಷದ ಹುಡುಗರಿಗೆ ಅಂತ ಒಂದು ದೊಡ್ಡ ಚಾಂಪಿಯನ್‌ಶಿಪ್ ಇದೆ. ಹೆಸರು ಮೆಮೋರಿಯಲ್ ಕಪ್, ಅಂದ್ರೆ ನೆನಪಿನ ಕಪ್. ಯಾರ ನೆನಪು? ಮೊದಲ ಮಹಾಯುದ್ಧಕ್ಕೆ ಹೋಗಿ ವಾಪಸ್ ಬರದ ಹುಡುಗರದ್ದು.

ಕಿಂಗ್ಸ್ಟನ್ ಅನ್ನೋ ಊರಲ್ಲಿ ಜೇಮ್ಸ್ ಸದರ್ಲೆಂಡ್ ಅಂತ ಒಬ್ಬರು ಹಾಕಿ ತಂಡ ಕಟ್ಟಿ ಹುಡುಗರನ್ನ ಬೆಳೆಸ್ತಿದ್ರು. ಅವರ ಕೈಯಲ್ಲಿ ಪಳಗಿದವನು ಸ್ಕಾಟಿ ಡೇವಿಡ್ಸನ್. 1914ರಲ್ಲಿ ಟೊರಾಂಟೊ ತಂಡದ ನಾಯಕನಾಗಿ ಸ್ಟಾನ್ಲಿ ಕಪ್ ಗೆದ್ದ. ಅದು ಈ ಆಟದ ಅತಿ ದೊಡ್ಡ ಕಪ್. ಅದೇ ವರ್ಷ ಯುದ್ಧ ಶುರುವಾಯ್ತು, ಸೈನ್ಯ ಸೇರಿದ. 1915ರ ಜೂನ್‌ನಲ್ಲಿ ಫ್ರಾನ್ಸ್‌ನ ರಣರಂಗದಲ್ಲಿ ಸತ್ತ. ಇನ್ನೂ 25 ದಾಟಿರಲಿಲ್ಲ. ಅದೇ ಊರಿನ ಇನ್ನೊಬ್ಬ ಆಟಗಾರ ಜಾರ್ಜ್ ರಿಚರ್ಡ್‌ಸನ್ 1916ರ ಫೆಬ್ರವರಿಯಲ್ಲಿ ಹೋದ. ಆಗ ಕೆನಡಾದ ಜನಸಂಖ್ಯೆ 80 ಲಕ್ಷದಷ್ಟು. ಯುದ್ಧದಲ್ಲಿ ಸತ್ತವರು ಸುಮಾರು 60 ಸಾವಿರ.

ಸದರ್ಲೆಂಡ್ ಕೂಡ ಸೈನ್ಯದಲ್ಲಿದ್ದವರೇ, ಕ್ಯಾಪ್ಟನ್. ಒಂಟಾರಿಯೊ ಹಾಕಿ ಸಂಸ್ಥೆಯ ಅಧ್ಯಕ್ಷರಾಗಿದ್ದ ಅವರು ಒಂದು ಮಾತು ಮುಂದಿಟ್ಟರು: ಸತ್ತ ಆಟಗಾರರ ಹೆಸರಲ್ಲಿ ಕಪ್ ಇಡೋಣ, ಇಡೀ ದೇಶದ ಜೂನಿಯರ್ ತಂಡಗಳು ಅದಕ್ಕೆ ಆಡಲಿ. ಪ್ರತಿಮೆ ಬಿಟ್ಟು ಕಪ್ಪನ್ನೇ ಆರಿಸಿದ್ದು ನನಗಂತೂ ಜಾಣತನ ಅನ್ಸುತ್ತೆ. ಪ್ರತಿಮೆಗೆ ವರ್ಷಕ್ಕೊಂದು ಹಾರ. ಕಪ್ಪಿಗೆ ಇಡೀ ಸೀಸನ್ ಬೆವರು.

ಮೊದಲ ಫೈನಲ್ 1919ರಲ್ಲಿ, ಟೊರಾಂಟೊದಲ್ಲಿ. ಒಂದು ಕಡೆ ಯೂನಿವರ್ಸಿಟಿ ಆಫ್ ಟೊರಾಂಟೊ ಸ್ಕೂಲ್ಸ್, ಅಂದ್ರೆ ಸ್ಕೂಲ್ ಹುಡುಗರು. ಇನ್ನೊಂದು ಕಡೆ ಪಶ್ಚಿಮದ ಬಯಲುಸೀಮೆಯಿಂದ ಬಂದ ರೆಜೈನಾ ಪೆಟ್ರೀಷಿಯಾಸ್. ಎರಡು ಪಂದ್ಯ. 14-3, 15-5. ಪಾಪ, ರೆಜೈನಾ ಅಷ್ಟು ದೂರ ಬಂದಿದ್ದೇ ಬಂತು! ಪೂರ್ವದ ಚಾಂಪಿಯನ್ ವರ್ಸಸ್ ಪಶ್ಚಿಮದ ಚಾಂಪಿಯನ್ ಅನ್ನೋ ಈ ಪದ್ಧತಿ 1971ರವರೆಗೂ ನಡೀತು. ಈಗ ಮೂರು ಲೀಗ್‌ಗಳ ಚಾಂಪಿಯನ್‌ಗಳ ಜೊತೆ ಆತಿಥ್ಯ ವಹಿಸೋ ಊರಿನ ತಂಡಕ್ಕೂ ನೇರ ಪ್ರವೇಶ.

ಈ ಹುಡುಗರ ಬದುಕು ಸುಲಭ ಅಲ್ಲ. ಬಹಳಷ್ಟು ಜನ 16ಕ್ಕೇ ಅಪ್ಪ-ಅಮ್ಮನ್ನ ಬಿಟ್ಟು ಬೇರೆ ಊರಲ್ಲಿ, ಗುರುತಿಲ್ಲದವರ ಮನೇಲಿ ಉಳ್ಕೊಂಡು ಆಡ್ತಾರೆ. ನಮ್ಮ ಕಡೆ ಕ್ರೀಡಾ ಹಾಸ್ಟೆಲ್ ಸೇರಿದವರಿಗೆ ಆ ಮೊದಲ ವಾರದ ಅಳು ಗೊತ್ತಿರುತ್ತೆ.

ಈಗ ನಮ್ಮ ಕಡೆ ಬರೋಣ. ಅದೇ ಯುದ್ಧಕ್ಕೆ ಮೈಸೂರು ಸಂಸ್ಥಾನದಿಂದಲೂ ಹುಡುಗರು ಹೋಗಿದ್ರು. 1918ರ ಸೆಪ್ಟೆಂಬರ್ 23ರಂದು, ಇವತ್ತು ಇಸ್ರೇಲ್‌ನಲ್ಲಿರೋ ಹೈಫಾ ಪಟ್ಟಣವನ್ನ ಜೋಧ್‌ಪುರ ಮತ್ತು ಮೈಸೂರು ಲ್ಯಾನ್ಸರ್ಸ್ ಹಿಡಿದರು. ಎದುರಿಗೆ ಮಷಿನ್ ಗನ್. ಇವರು ಈಟಿ ಹಿಡಿದು ಕುದುರೆ ಮೇಲೆ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದ್ದು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಈ ಸವಾರರ ಸ್ಮಾರಕ ಇದೆ. ಆ ದಾರೀಲಿ ದಿನಾ ಬೈಕ್ ಓಡಿಸೋ ಎಷ್ಟು ಜನಕ್ಕೆ ಅದು ಏನು ಅಂತ ಗೊತ್ತು? ನನಗೂ ಈ ಸಂಚಿಕೆಗೆ ಓದೋವರೆಗೂ ಗೊತ್ತಿರಲಿಲ್ಲ, ಒಪ್ಕೋತೀನಿ.

ಕೆನಡಾದ ಕಪ್ ಮಾತ್ರ ಓಡಾಡ್ತಾನೇ ಇದೆ. ಎರಡನೇ ಮಹಾಯುದ್ಧದಲ್ಲೂ ಟೂರ್ನಿ ನಿಲ್ಲಲಿಲ್ಲ. ಮೊದಲ ಸಲ ನಿಂತಿದ್ದು 2020ರಲ್ಲಿ, ಕೊರೊನಾದಿಂದ; 2021ರಲ್ಲೂ ನಡೀಲಿಲ್ಲ. 2010ರಲ್ಲಿ ಇದನ್ನ ಯುದ್ಧಗಳಲ್ಲಿ ಮಡಿದ ಕೆನಡಾದ ಎಲ್ಲಾ ಸೈನಿಕರಿಗೂ ಅರ್ಪಿಸಿದ್ರು.

ಅಂದಹಾಗೆ, 1919ರಲ್ಲಿ ಸೋತ ರೆಜೈನಾ ಆಮೇಲೆ ನಾಲ್ಕು ಸಲ ಕಪ್ ಗೆದ್ದಿದೆ, ಕೊನೇದು 1974ರಲ್ಲಿ. 2018ರಲ್ಲಿ ನೂರನೇ ಟೂರ್ನಿ ಅವರ ಊರಲ್ಲೇ ನಡೀತು, ಮನೆ ತಂಡ ಫೈನಲ್‌ಗೂ ಬಂತು. ಊರಿಗೂರೇ ಕಾಯ್ತಿತ್ತು. 3-0. ಮತ್ತೆ ಸೋತರು.